ನೋಡೋ ಸೂಜಿ, ತಳ್ಳೋ ಸೂಜಿ

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ನಮ್ಮನೆ ಪಡಸಾಲೆಯಲ್ಲಿ ಒಂದು ಕ್ಯಾಮೆರಾ ಹಾಕಿ ಬಂದೆ. ಎರಡೂವರೆ ಸಾವಿರ ರೂಪಾಯಿದು. ವೈಫೈ ಇದೆ, ಕತ್ತಲಲ್ಲೂ ಕಾಣುತ್ತೆ, ಯಾರಾದರೂ ಓಡಾಡಿದರೆ ಆ ಕಡೆಗೇ ತಲೆ ತಿರುಗಿಸುತ್ತೆ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಆಫೀಸಿನಲ್ಲಿ ಮೀಟಿಂಗ್ ಬೋರಾದಾಗೆಲ್ಲ ಫೋನ್ ತೆಗೆದು ಅಪ್ಪನನ್ನು ನೋಡೋದು ಅಭ್ಯಾಸ ಆಯಿತು. ಅಪ್ಪ ಗೋಡೆಗೆ ಒರಗಿ ಕೂತಿರುತ್ತಿದ್ದ. ಸುಮ್ಮನೆ ಕೂತಿರುತ್ತಿದ್ದ. ಮೂರನೇ ವಾರ ಒಂದು ಬೆಳಗ್ಗೆ ನೋಡಿದರೆ ಸ್ಕ್ರೀನ್ ಪೂರ್ತಿ ಕೆಂಪು. ಝೂಮ್ ಮಾಡಿದೆ. ಟವಲ್ಲಿನ ನೂಲು ಕಾಣಿಸಿತು.

"ಅಪ್ಪ, ಕ್ಯಾಮೆರಾ ಮ್ಯಾಲೆ ಟವಲ್ ಬಿದ್ದೈತೆ ನೋಡು."

"ಬಿದ್ದಿಲ್ಲ ಕಣಪ್ಪ, ನಾನೇ ಹಾಕಿದ್ದು."

"ಯಾಕೆ?"

"ಬೆಳಗ್ಗಿಂದ ಸಂಜೆಗಂಟ ನೆಟ್ಟಗೆ ಕುಂತು ಕುಂತು ಸೊಂಟ ಹಿಡ್ಕಂಡೈತೆ."

ನಾನು ನಕ್ಕೆ. ಫೋನ್ ಇಟ್ಟ ಮೇಲೆ ನಗು ನಿಂತಿತು. ಮೂರು ವಾರದಿಂದ ನಾನು ನೋಡುತ್ತಿದ್ದದ್ದು ನಮ್ಮಪ್ಪನನ್ನಲ್ಲ, ಕ್ಯಾಮೆರಾ ಮುಂದೆ ಕೂತ ನಮ್ಮಪ್ಪನನ್ನು. ಆ ಮನುಷ್ಯ ಮೂರು ವಾರ ಪಡಸಾಲೆಯಲ್ಲಿ ಬೀಡಿ ಹಚ್ಚಿರಲಿಲ್ಲ. ಮಧ್ಯಾಹ್ನ ಚಾಪೆ ಹಾಸಿ ಮಲಗಿರಲಿಲ್ಲ. ಅವ್ವ ಹೋದ ಮೇಲೆ ಅವಳ ಫೋಟೋ ಜತೆ ಒಬ್ಬನೇ ಮಾತಾಡುತ್ತಿದ್ದನಂತೆ, ಪಕ್ಕದ ಮನೆ ಅಕ್ಕ ಹೇಳಿದ್ದು, ಅದನ್ನೂ ನಾನು ಒಂದು ಸಲವೂ ನೋಡಿರಲಿಲ್ಲ.

ಕ್ಯಾಮೆರಾ ಹಾಕಿದ್ದು ಶೋಕಿಗಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅದಕ್ಕೆ ಮೂರು ತಿಂಗಳ ಹಿಂದೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸುಮಾರು ಎರಡು ಗಂಟೆ ಹಾಗೇ ಬಿದ್ದಿದ್ದ. ನಾನು ಆ ಹೊತ್ತಿಗೆ ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ಕಿನಲ್ಲಿ ಕೂತು ಪಾಡ್‌ಕಾಸ್ಟ್ ಕೇಳುತ್ತಿದ್ದೆ. ಆ ಎರಡು ಗಂಟೆ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಟವಲ್ ಬಿದ್ದ ವಾರ ನಾನು ಓದುತ್ತಿದ್ದದ್ದು ಒಂದು ವಿಚಿತ್ರ ಕಾರ್ ರೇಸಿನ ಬಗ್ಗೆ. ಏಪ್ರಿಲ್ 2017ರಲ್ಲಿ ಫ್ರಾನ್ಸಿನ ಟೂಲೂಸ್‌ನಲ್ಲಿ ನಡೆದದ್ದು. ಕಾರುಗಳೆಲ್ಲ ಒಂದೊಂದು ಅಣುಗುಚ್ಛ, ಅಂದರೆ ಮಾಲಿಕ್ಯೂಲ್. ಟ್ರ್ಯಾಕು ಚಿನ್ನದ ಹರಳಿನ ಮೇಲ್ಮೈ, ಉದ್ದ 100 ನ್ಯಾನೋಮೀಟರ್. ನಮ್ಮ ಒಂದು ಕೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್ ಅಂದರೆ ಲೆಕ್ಕ ಹಾಕಿಕೊಳ್ಳಿ. ಸ್ವಿಟ್ಜರ್ಲೆಂಡಿನ ಬಾಸೆಲ್ ತಂಡದ ಕಾರು ಚಿನ್ನದ ಮೇಲೆ 133 ನ್ಯಾನೋಮೀಟರ್ ಓಡಿತು, ಅದಕ್ಕೆ ಆರೂವರೆ ಗಂಟೆ ಹಿಡಿಯಿತು. ಅಮೆರಿಕದ ರೈಸ್ ಯೂನಿವರ್ಸಿಟಿ ಮತ್ತು ಆಸ್ಟ್ರಿಯಾದ ಗ್ರಾಜ್‌ನವರ ಜಂಟಿ ಕಾರು ಚಿನ್ನದ ಮೇಲೆ ತೀರಾ ಜಾರುತ್ತೆ ಅಂತ ಅವರಿಗೆ ಬೆಳ್ಳಿ ಟ್ರ್ಯಾಕ್ ಕೊಟ್ಟರು. ಅದು 150 ನ್ಯಾನೋಮೀಟರನ್ನು ಒಂದೂವರೆ ಗಂಟೆಯಲ್ಲಿ ಮುಗಿಸಿತು. ನಮ್ಮ ಔಟರ್ ರಿಂಗ್ ರೋಡಿನವರಿಗೆ ಈ ಸ್ಪೀಡು ಹೊಸದೇನಲ್ಲ.

(ಚಿನ್ನ ಅಂದ ಕೂಡಲೇ ನನಗೆ ಊರು ನೆನಪಾಗುತ್ತೆ. ನಮ್ಮೂರು ಸಿದ್ದರಬೆಟ್ಟದ ಬುಡದಲ್ಲಿದೆ. ಬೆಟ್ಟದ ಗವಿಯಲ್ಲಿದ್ದ ಸಿದ್ಧರು ಸೊಪ್ಪಿನ ರಸ ಹಿಂಡಿ ತಾಮ್ರವನ್ನು ಚಿನ್ನ ಮಾಡುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದಳು. ಕಲಿತವರು ಯಾಕೆ ಶ್ರೀಮಂತರಾಗಲಿಲ್ಲ ಅಂತ ನಾನು ಕೇಳಿದ್ದಕ್ಕೆ ಬೈಸಿಕೊಂಡಿದ್ದೆ.)

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ರೇಸಿನ ಒಂದು ನಿಯಮ. ಅಣುವನ್ನು ಸೂಜಿಯಿಂದ ತಳ್ಳುವಂತಿಲ್ಲ. ವಿದ್ಯುತ್ತಿನ ಮಿಡಿತ ಮಾತ್ರ ಕೊಡಬಹುದು, ಚಲಿಸೋದು ಅಣುವೇ. ತಳ್ಳಿದರೆ ಆಟದಿಂದ ಔಟ್.

ಯಾಕೆ ಈ ನಿಯಮ ಬೇಕಾಯಿತು ಅಂತ ತಿಳಿಯೋಕೆ ಆ ಸೂಜಿ ಏನು ಅಂತ ಗೊತ್ತಿರಬೇಕು. 1981ರಲ್ಲಿ ಜ್ಯೂರಿಕ್‌ನ ಐಬಿಎಂ ಲ್ಯಾಬಿನಲ್ಲಿ ಬಿನ್ನಿಗ್ ಮತ್ತು ರೋರರ್ ಕಟ್ಟಿದ ಉಪಕರಣ ಅದು, ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪು. ಐದು ವರ್ಷಕ್ಕೆ ಅವರಿಗೆ ನೊಬೆಲ್ ಬಂತು. ಹೆಸರು ಮೈಕ್ರೋಸ್ಕೋಪ್ ಆದರೂ ಅದರಲ್ಲಿ ಮಸೂರವಿಲ್ಲ, ಬೆಳಕಿಲ್ಲ. ತುದಿಯಲ್ಲಿ ಒಂದೇ ಪರಮಾಣು ಉಳಿಯುವಷ್ಟು ಚೂಪಾದ ಸೂಜಿ ಇದೆ, ಅಷ್ಟೇ. ಅದನ್ನು ಲೋಹದ ಮೇಲ್ಮೈಗೆ ಒಂದು ನ್ಯಾನೋಮೀಟರಿಗಿಂತ ಹತ್ತಿರ ತರುತ್ತಾರೆ, ತಾಗಿಸುವುದಿಲ್ಲ. ನಡುವಿನ ಖಾಲಿಯನ್ನು ಎಲೆಕ್ಟ್ರಾನುಗಳು ದಾಟುತ್ತವೆ. ದೂರ 0.1 ನ್ಯಾನೋಮೀಟರ್ ಹೆಚ್ಚಾದರೆ ಸಾಕು, ಹರಿಯೋ ವಿದ್ಯುತ್ತು ಸುಮಾರು ಹತ್ತು ಪಟ್ಟು ಇಳಿಯುತ್ತೆ. ಹಾಗಾಗಿ ಸೂಜಿಯನ್ನು ಸಾಲು ಸಾಲಾಗಿ ಆಡಿಸುತ್ತಾ ವಿದ್ಯುತ್ತಿನ ಏರಿಳಿತ ಬರೆದುಕೊಂಡರೆ ಮೇಲ್ಮೈಯ ಉಬ್ಬುತಗ್ಗು ಚಿತ್ರವಾಗುತ್ತೆ. ಕರೆಂಟ್ ಹೋದಾಗ ನಮ್ಮಜ್ಜಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಬೆರಳಲ್ಲೇ ಕಲ್ಲು ಆರಿಸುತ್ತಿದ್ದಳಲ್ಲ, ಹಾಗೆ. ನೋಡೋದಲ್ಲ ಅದು, ತಡವೋದು.

ತಡವೋ ಬೆರಳು ಕಾಳನ್ನು ಜರುಗಿಸದೆ ಇರುತ್ತಾ? ಇಲ್ಲೂ ಅಷ್ಟೇ. ಸೂಜಿ ಸ್ವಲ್ಪ ಹತ್ತಿರ ಬಂದರೆ, ವೋಲ್ಟೇಜು ಸ್ವಲ್ಪ ಜಾಸ್ತಿಯಾದರೆ, ಕೆಳಗಿರೋ ಅಣು ಜರುಗುತ್ತೆ, ಕೆಲವೊಮ್ಮೆ ಮುರಿದೇ ಹೋಗುತ್ತೆ. ಇದನ್ನೇ ಉಪಯೋಗಕ್ಕೆ ತಂದುಕೊಂಡು 1989ರಲ್ಲಿ ಡಾನ್ ಐಗ್ಲರ್ 35 ಕ್ಸೆನಾನ್ ಪರಮಾಣುಗಳನ್ನು ನಿಕ್ಕಲ್ ಮೇಲೆ ಒಂದೊಂದಾಗಿ ಎಳೆದು ತಂದು ತಮ್ಮ ಕಂಪನಿಯ ಮೂರು ಅಕ್ಷರ ಬರೆದರು. ನೋಡಿದ್ದೂ ಅದೇ ಸೂಜಿ, ಎಳೆದದ್ದೂ ಅದೇ ಸೂಜಿ. ನೋಡೋಕೆ ಒಂದು, ಮುಟ್ಟೋಕೆ ಒಂದು ಅಂತ ಅಲ್ಲಿ ಎರಡಿಲ್ಲ. ಎಷ್ಟು ಹತ್ತಿರ, ಎಷ್ಟು ವೋಲ್ಟೇಜು ಅನ್ನೋದರ ಮೇಲೆ ಅದು ಯಾವುದು ಅಂತ ತೀರ್ಮಾನ.

ನಾನು ಗೋಡೆಗೆ ಮೊಳೆ ಹೊಡೆದು ಹಾಕಿ ಬಂದದ್ದು ಇಂಥದ್ದೇ ಒಂದು ಸೂಜಿ ಅಂತ ಹೊಳೆದದ್ದು ಆಗ. ನಾನು ಬರೀ ನೋಡುತ್ತಿದ್ದೇನೆ ಅಂದುಕೊಂಡಿದ್ದೆ. ಅಪ್ಪ ನೆಟ್ಟಗೆ ಕೂತಿದ್ದ.

ಈಗ ನೀವು ಕೇಳಬಹುದು, ಅಣುವಿಗೆ ಮನಸ್ಸಿಲ್ಲ ಮಾರಾಯ, ಅದಕ್ಕೂ ನಿಮ್ಮಪ್ಪನಿಗೂ ಏನು ಸಂಬಂಧ ಅಂತ. ಒಪ್ಪುತ್ತೇನೆ. ಅಣುವಿಗೆ ನಾಚಿಕೆ ಇಲ್ಲ, ಬೀಡಿ ಚಟ ಇಲ್ಲ. ಆದರೆ ಆ ರೇಸಿನ ನಿಯಮ ಬರೆದವರು ಅಣುವಿನ ಮಾನ ಕಾಪಾಡೋಕೆ ಬರೆದದ್ದಲ್ಲ. ತಳ್ಳಿದರೆ ಅದು ಯಂತ್ರವೇ ಅಲ್ಲ, ಬರೀ ಒಂದು ಚೂರು ಸಾಮಾನು. ತನ್ನ ರಚನೆಯ ಬಲದಿಂದ ಚಲಿಸಿದರೆ ಮಾತ್ರ ಅದನ್ನು ಕಾರು ಅನ್ನಬಹುದು. ಅಂದರೆ ಆ ಗೆರೆ ಎಳೆದದ್ದು ಕೈ ಹಿಡಿದವನ ಮೇಲೆ: ನೀನು ಓಡಿಸುತ್ತಿದ್ದೀಯೋ ಅಥವಾ ನೂಕುತ್ತಿದ್ದೀಯೋ? ಮನಸ್ಸೇ ಇಲ್ಲದ ವಸ್ತುವಿನ ವಿಷಯದಲ್ಲೂ ಈ ಫರಕು ಮುಖ್ಯ ಅನ್ನಿಸಿದ್ದರೆ, ಮನಸ್ಸಿರುವವರ ವಿಷಯದಲ್ಲಿ ನಾವು ಅದನ್ನು ಕೇಳಿಕೊಳ್ಳೋದೇ ಇಲ್ಲವಲ್ಲ ಅನ್ನೋದು ನನ್ನ ತಕರಾರು.

ಇದಕ್ಕಿಂತ ಹಿಂದಿನ ಒಂದು ಪ್ರಯೋಗ ನನಗೆ ಇನ್ನೂ ಇಷ್ಟ. 2011ರಲ್ಲಿ ನೆದರ್‌ಲ್ಯಾಂಡ್ಸಿನ ಬೆನ್ ಫೆರಿಂಗಾ ಅವರ ತಂಡ ನಾಲ್ಕು ಚಕ್ರದ ಒಂದು ಅಣುವನ್ನು ತಾಮ್ರದ ಮೇಲೆ ಓಡಿಸಿತು. ನಾಲ್ಕು ಚಕ್ರ ಅಂದರೆ ನಾಲ್ಕು ಪುಟ್ಟ ಮೋಟಾರು, ಎಲೆಕ್ಟ್ರಾನಿನ ಏಟು ಬಿದ್ದಾಗ ಒಂದೇ ದಿಕ್ಕಿಗೆ ಮಗ್ಗುಲು ಬದಲಿಸುವ ರಚನೆ. ಸೂಜಿಯನ್ನು ಮೇಲೆ ಇಟ್ಟು ಹತ್ತು ಸಲ ಮಿಡಿತ ಕೊಟ್ಟರು, ಅಣು ಆರು ನ್ಯಾನೋಮೀಟರ್ ಮುಂದೆ ಹೋಯಿತು. 2016ರಲ್ಲಿ ಫೆರಿಂಗಾ, ಸೋವಾಜ್, ಸ್ಟಾಡರ್ಟ್ ಮೂವರಿಗೂ ಆಣ್ವಿಕ ಯಂತ್ರಗಳಿಗಾಗಿ ನೊಬೆಲ್ ಸಿಕ್ಕಿತು. ಆದರೆ ಆ ಪ್ರಯೋಗದ ತಮಾಷೆ ಇರೋದು ಓಡದೆ ಹೋದ ಅಣುಗಳಲ್ಲಿ. ಚಕ್ರಗಳ ಎಡ-ಬಲ ಜೋಡಣೆ ಸರಿಯಿಲ್ಲದ ಅಣು ಇದ್ದಲ್ಲೇ ಗಿರಕಿ ಹೊಡೆಯುತ್ತೆ, ಇಲ್ಲಾ ದಿಕ್ಕುದೆಸೆಯಿಲ್ಲದೆ ಅಲೆಯುತ್ತೆ. ಕೊಟ್ಟ ಮಿಡಿತ ಎಲ್ಲಕ್ಕೂ ಒಂದೇ. ಎತ್ತ ಹೋಗಬೇಕು ಅನ್ನೋದು ಮಿಡಿತದಲ್ಲಿ ಇರಲಿಲ್ಲ, ಅಣುವನ್ನು ಕಟ್ಟುವಾಗಲೇ ಅದರೊಳಗೆ ಕೂತಿತ್ತು. ಮೇಲಿಂದ ಎಷ್ಟು ಕೂಗಿದರೂ ತಪ್ಪು ಚಕ್ರದ ಕಾರು ನೇರ ಹೋಗಲ್ಲ, ಸರಿ ಚಕ್ರದ್ದಕ್ಕೆ ಕೂಗಬೇಕಾಗಿಲ್ಲ.

ನಮ್ಮಪ್ಪ ನಾಲ್ಕನೇ ಕ್ಲಾಸು. ಹುಣಸೆ ಮರಗಳ ಫಸಲನ್ನು ಗುತ್ತಿಗೆಗೆ ಕೊಟ್ಟು ನನ್ನ ಬಿಇ ಫೀಸು ಕಟ್ಟಿದ. ನಾಲ್ಕು ವರ್ಷದಲ್ಲಿ ಕಾಲೇಜಿಗೆ ಒಂದೇ ಸಲ ಬಂದದ್ದು, ಅದೂ ಅವ್ವ ಕಳಿಸಿದ ರಾಗಿ ಹಿಟ್ಟು ಕೊಡೋಕೆ. ಎರಡನೇ ಸೆಮಿಸ್ಟರಿನಲ್ಲಿ ಎರಡು ಸಬ್ಜೆಕ್ಟು ಹೋದಾಗ ಹೆದರಿಕೊಂಡು ಹೇಳಿದೆ. "ಇನ್ನೊಂದು ಸಲ ಬರೀಬೌದಾ?" ಅಂತ ಕೇಳಿದ. ಬೌದು ಅಂದೆ. "ಮತ್ತೆ ಬರಿ" ಅಂದು ದನ ಕಟ್ಟೋಕೆ ಹೋದ. ಆ ನಾಲ್ಕು ವರ್ಷ ನನ್ನ ರೂಮಿನಲ್ಲಿ ಕ್ಯಾಮೆರಾ ಇದ್ದಿದ್ದರೆ ಅಪ್ಪ ಏನೇನು ನೋಡುತ್ತಿದ್ದ ಅಂತ ನೆನೆಸಿಕೊಂಡರೆ ಈಗಲೂ ಬೆವರುತ್ತೆ.

ಇನ್ನೊಂದು ವಿಷಯ, ಚಳಿ. ಈ ರೇಸು ನಡೆದದ್ದು ಸುಮಾರು ಮೈನಸ್ 269 ಡಿಗ್ರಿಯಲ್ಲಿ, ಗಾಳಿಯೂ ಇಲ್ಲದ ನಿರ್ವಾತದಲ್ಲಿ. ಯಾಕೆ ಅಂದರೆ ಮಾಮೂಲಿ ಬಿಸಿಯಲ್ಲಿ ಇಂಥ ಅಣು ಒಂದು ಕಡೆ ನಿಲ್ಲೋದಿಲ್ಲ. ಬಿಸಿ ಅಂದರೇ ಅದು, ಅಣುಗಳ ಕುಲುಕಾಟ. ಹಿಡಿತಕ್ಕೆ ಸಿಗಬೇಕಾದರೆ ಮೊದಲು ಅದರ ಕುಲುಕಾಟವನ್ನೆಲ್ಲ ಕಿತ್ತುಕೊಳ್ಳಬೇಕು, ಆಮೇಲೆ ನಮಗೆ ಬೇಕಾದ ಒಂದು ಚಲನೆಯನ್ನು ಹನಿ ಹನಿಯಾಗಿ ಕೊಡಬೇಕು. ಸ್ವಿಟ್ಜರ್ಲೆಂಡಿನಲ್ಲೇ 2020ರಲ್ಲಿ ಬರೀ 16 ಪರಮಾಣುಗಳ ಮೋಟಾರು ಮಾಡಿದರು, ನೂರಕ್ಕೆ 99 ಸಲ ಒಂದೇ ದಿಕ್ಕಿಗೆ ತಿರುಗುತ್ತೆ. ಅದಕ್ಕೂ ಅಂಥದ್ದೇ ಚಳಿ ಬೇಕು.

ಇದನ್ನು ಓದುವಾಗ ನೆನಪಾದದ್ದು ಅಪ್ಪ ಅಲ್ಲ, ಆಫೀಸು. ನಾನು ಒಂಬತ್ತು ಜನರ ಟೀಮ್ ಲೀಡು. ಕೆಲವು ವರ್ಷದ ಹಿಂದೆ, ಬೇರೆ ಕಂಪನಿಯಲ್ಲಿದ್ದಾಗ, ಮನೆಯಿಂದ ಕೆಲಸ ಶುರುವಾದ ಮೇಲೆ ಯಾರ ಚುಕ್ಕೆ ಎಷ್ಟು ಹೊತ್ತು ಹಸಿರಾಗಿತ್ತು ಅಂತ ಲೆಕ್ಕ ಕೊಡೋ ಒಂದು ಡ್ಯಾಶ್‌ಬೋರ್ಡು ಬಂತು. ವಾರಕ್ಕೊಮ್ಮೆ ನಾನು ಅದನ್ನು ತೆಗೆದು ನೋಡುತ್ತಿದ್ದೆ. ಒಬ್ಬ ಹುಡುಗನದು ಯಾವಾಗಲೂ ಹಸಿರು, ಮಧ್ಯಾಹ್ನ ಊಟದ ಹೊತ್ತಲ್ಲೂ ಹಸಿರು. ಅವನನ್ನು ಹೊಗಳಿದೆ ಕೂಡ. ಆಮೇಲೆ ಗೊತ್ತಾಯಿತು, ಅವನು ಮೌಸ್ ಜಿಗ್ಲರ್ ತಗೊಂಡಿದ್ದ. ಮೌಸನ್ನು ಅದರ ಮೇಲೆ ಇಟ್ಟರೆ ತಾನೇ ಕುಲುಕುತ್ತಿರುತ್ತೆ, ಕಂಪ್ಯೂಟರಿಗೆ ಮನುಷ್ಯ ಇದ್ದಾನೆ ಅನ್ನಿಸುತ್ತೆ. ಕೋಪ ಬಂತು. ಆದರೆ ಯೋಚನೆ ಮಾಡಿ: ಒಳ್ಳೆ ಕೆಲಸಗಾರನ ನಿಜವಾದ ಕುಲುಕಾಟ, ಎದ್ದು ಟೀ ಕುಡಿಯೋದು, ಗೋಡೆ ನೋಡಿಕೊಂಡು ಯೋಚಿಸೋದು, ಯಾರ ಹತ್ತಿರವೋ ಹರಟುತ್ತಾ ಬಗ್ ಎಲ್ಲಿದೆ ಅಂತ ಕಂಡುಕೊಳ್ಳೋದು, ಅದೆಲ್ಲವನ್ನೂ ನಾವು ತಣ್ಣಗೆ ಮಾಡಿದೆವು. ಅದರ ಜಾಗದಲ್ಲಿ 499 ರೂಪಾಯಿಯ ಕುಲುಕಾಟ ಬಂದು ಕೂತಿತು. ಅವನು ನನಗೆ ಸುಳ್ಳು ಹೇಳಿದ ನಿಜ. ನಾನು ಕೇಳಿದ ಪ್ರಶ್ನೆಗೆ ಸುಳ್ಳು ಬಿಟ್ಟು ಬೇರೆ ಉತ್ತರ ಇತ್ತಾ ಅನ್ನೋದು ನನಗೆ ಈಗಲೂ ಅನುಮಾನ.

ಬಿಸಿಯಲ್ಲೇ, ಗದ್ದಲದಲ್ಲೇ ಕೆಲಸ ಮಾಡೋ ಅಣುಯಂತ್ರಗಳೂ ಇವೆ, ನಿಮ್ಮೊಳಗೇ. ಕೈನೇಸಿನ್ ಅನ್ನೋ ಪ್ರೋಟೀನು ಜೀವಕೋಶದೊಳಗೆ ಮೂಟೆ ಹೊತ್ತುಕೊಂಡು ಎರಡು ಕಾಲಲ್ಲಿ ನಡೆಯುತ್ತೆ, ಒಂದು ಹೆಜ್ಜೆಗೆ 8 ನ್ಯಾನೋಮೀಟರ್, ಪ್ರತಿ ಹೆಜ್ಜೆಗೂ ಒಂದು ಎಟಿಪಿ ಖರ್ಚು. ಸುತ್ತಲಿನ ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತಲೇ ಇರುತ್ತವೆ. ಅದು ಗುದ್ದನ್ನು ನಿಲ್ಲಿಸೋಕೆ ಹೋಗಲ್ಲ. ಗುದ್ದು ಬಿದ್ದಾಗ ಕಾಲು ಆ ಕಡೆ ಈ ಕಡೆ ತೂಗಾಡುತ್ತೆ, ಮುಂದೆ ಬಿದ್ದಾಗ ಹಿಡಿದುಕೊಳ್ಳುತ್ತೆ, ಹಿಂದಕ್ಕೆ ಜಾರದ ಹಾಗೆ ನೋಡಿಕೊಳ್ಳುತ್ತೆ. ಹೆಚ್ಚುಕಮ್ಮಿ ಅಷ್ಟೇ ಅದರ ಗುಟ್ಟು.

ದೂರ ಯಾಕೆ, ನಮ್ಮ ಬೆಂಗಳೂರಿನಲ್ಲೇ ಒಂದು ಚಂದದ ಕೆಲಸ ಆಗಿದೆ. ಐಐಎಸ್‌ಸಿ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್‌ನ ವಿಜ್ಞಾನಿಗಳು, ಅಜಯ್ ಸೂದ್, ರಾಜೇಶ್ ಗಣಪತಿ ಮತ್ತು ಜತೆಗಾರರು, 2016ರಲ್ಲಿ ಪ್ರಕಟಿಸಿದ್ದು. ಮೈಕ್ರಾನ್ ಗಾತ್ರದ ಒಂದು ಮಣಿಯನ್ನು ಲೇಸರ್ ಬೆಳಕಿನಲ್ಲಿ ಹಿಡಿದು ಅದನ್ನೇ ಒಂದು ಎಂಜಿನ್ ಮಾಡಿದರು. ಸುತ್ತ ಇದ್ದದ್ದು ಬರೀ ನೀರಲ್ಲ, ಬ್ಯಾಕ್ಟೀರಿಯಾ ಈಜಾಡುತ್ತಿರೋ ನೀರು. ಬಿಸಿ ಏರಿಸಿದರೆ ಬ್ಯಾಕ್ಟೀರಿಯಾ ಚುರುಕಾಗಿ ಮಣಿಗೆ ಜೋರಾಗಿ ಗುದ್ದುತ್ತವೆ, ಇಳಿಸಿದರೆ ಮಂಕಾಗುತ್ತವೆ. ಆ ಗುದ್ದಾಟದಿಂದ, ಬರೀ ಬಿಸಿನೀರಿನಿಂದ ಸಿಗೋದಕ್ಕಿಂತ ಎಷ್ಟೋ ಹೆಚ್ಚು ಕೆಲಸ ಸಿಕ್ಕಿತು. ಜೀವ ಇರೋದರ ಗದ್ದಲದಿಂದ ಕೆಲಸ ತೆಗೆಯೋದು! ಒಂದೊಂದು ಬ್ಯಾಕ್ಟೀರಿಯಾ ಎತ್ತ ಈಜಬೇಕು ಅಂತ ಅಲ್ಲಿ ಯಾರೂ ಹೇಳಲಿಲ್ಲ.

ಈಗ ಬಚ್ಚಲಿನ ಎರಡು ಗಂಟೆಗೆ ವಾಪಸ್ ಬರೋಣ. ಅವತ್ತು ಅಪ್ಪನನ್ನು ಎತ್ತಿದ್ದು ಯಾರು ಗೊತ್ತಾ? ಡೈರಿಯವರು. ಬೆಳಗ್ಗೆ ಆರೂವರೆಗೆ ಅಪ್ಪ ಹಾಲು ಹಾಕೋಕೆ ಕ್ಯಾನ್ ಹಿಡಿದು ಹೋಗಲೇಬೇಕು. ಏಳೂ ಕಾಲಾದರೂ ಬರಲಿಲ್ಲ ಅಂತ ಡೈರಿ ಸೆಕ್ರೆಟರಿ ಒಬ್ಬ ಹುಡುಗನನ್ನು ಕಳಿಸಿದರು. ಸೆಕ್ರೆಟರಿ ನಮ್ಮಪ್ಪನನ್ನು ಕಾಯುತ್ತಿರಲಿಲ್ಲ, ಹಾಲಿನ ಲೆಕ್ಕ ಕಾಯುತ್ತಿದ್ದರು. ಅಪ್ಪನೂ ಯಾರಿಗೋ ತೋರಿಸೋಕೆ ಅಂತ ಅಲ್ಲಿಗೆ ಹೋಗುತ್ತಿರಲಿಲ್ಲ. ಅವನ ಓಡಾಟ ಅವನದೇ, ಅದು ತಪ್ಪಿದಾಗ ಮಾತ್ರ ಗೊತ್ತಾಗೋ ಹಾಗೆ ಊರು ತಾನಾಗೇ ಜೋಡಣೆಯಾಗಿತ್ತು. ನನ್ನ ಎರಡೂವರೆ ಸಾವಿರದ ಕ್ಯಾಮೆರಾಕ್ಕಿಂತ ಅದು ಒಳ್ಳೆ ಡಿಸೈನು ಅಂತ ಇಂಜಿನಿಯರ್ ಆಗಿ ಒಪ್ಪಿಕೊಳ್ಳಲೇಬೇಕು.

ಹಾಗಂತ ಹಳ್ಳಿ ದೊಡ್ಡದು, ಪಟ್ಟಣ ಕೆಟ್ಟದು ಅಂತ ಹೇಳೋಕೆ ಹೊರಟಿಲ್ಲ. ಎರಡು ಗಂಟೆ ಅಂದರೆ ಎರಡು ಗಂಟೆನೇ. ಬಿದ್ದದ್ದು ರಾತ್ರಿ ಹನ್ನೊಂದಕ್ಕೆ ಆಗಿದ್ದರೆ ಡೈರಿ ಎಂಟು ಗಂಟೆ ತಡ. ಅಪ್ಪನಿಗೆ ಎಪ್ಪತ್ತೊಂದು, ಈಗಲೂ ಒಬ್ಬನೇ ಬೆಟ್ಟ ಹತ್ತಿ ಗವಿಯ ನೀರು ಕುಡಿದು ಬರುತ್ತಾನೆ. ಹತ್ತಬೇಡ ಅನ್ನೋ ಹಕ್ಕು ನನಗಿದೆಯಾ? ಹತ್ತಬೇಡ ಅಂತ ನಾನು ಹೇಳೋದು ಅವನ ಮಂಡಿಗಾಗಿಯೋ, ಅಥವಾ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನನಗೆ ಇನ್ನೊಂದು ಸಲ ಅಂಥ ಫೋನ್ ಬರಬಾರದು ಅಂತಲೋ? ಪ್ರಾಮಾಣಿಕವಾಗಿ ಹೇಳಿದರೆ ಎರಡನೇದೇ ಜಾಸ್ತಿ. ಅವನ ಚಲನೆ ಕಮ್ಮಿಯಾದಷ್ಟೂ ನನ್ನ ನೆಮ್ಮದಿ ಜಾಸ್ತಿ. ಮೈನಸ್ 269ಕ್ಕೆ ಇಳಿಸಿಬಿಟ್ಟರೆ ಪೂರ್ತಿ ನೆಮ್ಮದಿ. ನನ್ನ ಆತಂಕದ ಬಿಲ್ಲನ್ನು ಅವನ ಕೈಯಲ್ಲಿ ಕಟ್ಟಿಸುತ್ತಿದ್ದೆ, ಮೂರು ವಾರ, ಸೊಂಟ ನೋವಿನ ರೂಪದಲ್ಲಿ.

ಅಪ್ಪನಿಗೆ ಮೆಷೀನು ಆಗಲ್ಲ ಅಂತಲ್ಲ. ಬೋರ್‌ವೆಲ್ಲಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಟ್ಟಾಗ ಮಗು ಥರ ಖುಷಿಪಟ್ಟಿದ್ದ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ಹಾಸಿಗೆಯಿಂದಲೇ ಫೋನ್ ಮಾಡಿ ಮೋಟಾರ್ ಆನ್ ಮಾಡುತ್ತಾನೆ, ಚಿರತೆ ಕರಡಿ ಓಡಾಡೋ ಹೊತ್ತಲ್ಲಿ ತೋಟಕ್ಕೆ ಹೋಗೋದು ತಪ್ಪಿತು. ಆ ಯಂತ್ರದ ಗುಂಡಿ ಅವನ ಕೈಯಲ್ಲಿತ್ತು. ಕ್ಯಾಮೆರಾದ್ದು ನನ್ನ ಕೈಯಲ್ಲಿತ್ತು.

ಗೌರಿ ಹಬ್ಬಕ್ಕೆ ಹೋದಾಗ ಕ್ಯಾಮೆರಾ ಬಿಚ್ಚೋಕೆ ಸ್ಕ್ರೂಡ್ರೈವರ್ ತಗೊಂಡೇ ಹೋಗಿದ್ದೆ. ಟವಲ್ ಹಾಗೇ ಇತ್ತು, ಧೂಳು ಕೂತಿತ್ತು. ಸ್ಟೂಲ್ ಹತ್ತಿ ಬಿಚ್ಚಿದೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದ.

"ಬಿಚ್ಚಿ ಏನ್ ಮಾಡ್ತೀಯ ಅದ್ನ?"

"ತಗಂಡೋಯ್ತೀನಿ."

"ಕೊಟ್ಟಿಗೆಗೆ ಹಾಕು. ಸೀಮೆಹಸ ಗಬ್ಬ ಆಗೈತೆ, ಈ ತಿಂಗ್ಳು ಈಯ್ತದೆ. ರಾತ್ರಿ ಎದ್ದು ಎದ್ದು ನೋಡಾಕಾಗಲ್ಲ ನಂಗೆ. ನೀನೆಂಗೂ ಎಲ್ಡು ಗಂಟೆಗಂಟ ಮಲಗಲ್ವಲ್ಲ."

ಕೊಟ್ಟಿಗೆ ತೊಲೆಗೆ ಹಾಕಿದೆ. ಹಸುವಿಗೆ ನಾಚಿಕೆ ಏನಿರಲಿಲ್ಲ, ಒಂದು ಸಲ ಮೂತಿ ಎತ್ತಿ ಮೂಸಿ ನೋಡಿ ಮೇವಿಗೆ ಬಾಯಿ ಹಾಕಿತು. ಹನ್ನೆರಡು ದಿನ ರಾತ್ರಿ ಕೋಡ್ ರಿವ್ಯೂ ಮಾಡುತ್ತಾ ಪಕ್ಕದಲ್ಲಿ ಫೋನ್ ನಿಲ್ಲಿಸಿಕೊಂಡು ಹಸು ಕಾದೆ. ಹದಿಮೂರನೇ ದಿನ ಒಂದೂ ಮುಕ್ಕಾಲಿಗೆ ಅದು ಏಳೋದು, ಮಲಗೋದು, ಮತ್ತೆ ಏಳೋದು ಮಾಡೋಕೆ ಶುರು ಮಾಡಿತು. ಅಪ್ಪನಿಗೆ ಫೋನ್ ಮಾಡಿದೆ. ಎರಡೇ ರಿಂಗಿಗೆ ಎತ್ತಿದ. ಸ್ವಲ್ಪ ಹೊತ್ತಿಗೆ ಟಾರ್ಚಿನ ಬೆಳಕು ಗೋಡೆ ಮೇಲೆ ಆಡಿತು, ಆಮೇಲೆ ಅಪ್ಪ ಬಂದ. ಲುಂಗಿ ಮೇಲಕ್ಕೆ ಕಟ್ಟಿದ್ದ, ಬಾಯಲ್ಲಿ ಬೀಡಿ ಇತ್ತು, ಹಸುವಿನ ಬೆನ್ನು ಸವರುತ್ತಾ ಏನೋ ಹೇಳುತ್ತಿದ್ದ. ಮೈಕ್ ಐಕಾನ್ ಒತ್ತಿದರೆ ಮಾತು ಕೇಳಿಸುತ್ತಿತ್ತು. ಒತ್ತಲಿಲ್ಲ.